ಬಿಸಿಲೂ ಸೆಕೆಯೂ ಒಂದೇ ಅಲ್ಲ

ಚೈತ್ರ, ವೈಶಾಖ ಮಾಸಗಳು ನಮ್ಮ ನಾಡಿನಲ್ಲಿ ಜಾತ್ರೆ, ರಥೋತ್ಸವ, ಮದುವೆ, ಗೃಹಪ್ರವೇಶಗಳ ಕಾಲ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರೂರುಗಳಿಂದ ಸಾವಿರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಬಿಸಿಲು ಏರುತ್ತ ಹೋಗುವ ದಿನಗಳೂ ಇವೇ. ಈ ಕಾಲದಲ್ಲಿ ಬೆಳಗಿನ ಪತ್ರಿಕೆಯನ್ನು ತೆರೆದೊಡನೆ ನಮ್ಮ ಕಣ್ಣು ಗರಿಷ್ಠ ತಾಪಮಾನದ ಅಂಕಿಯತ್ತ ಹೋಗುತ್ತದೆ. ಕಲಬುರಗಿಯಲ್ಲಿ 42 ಡಿಗ್ರಿ ಎಂದಿದ್ದರೆ ಮರುಗುತ್ತೇವೆ. ಮಂಗಳೂರಿನಲ್ಲಿ 34 ಡಿಗ್ರಿ ಎಂದಿದ್ದರೆ ಅಲ್ಲಿಯ ಜನ ಸುಖವಾಗಿದ್ದಾರೆಂದು ಭಾವಿಸುತ್ತೇವೆ. ಆದರೆ ಕಲಬುರಗಿಯವರು ಮದುವೆಗೆಂದು ಮಂಗಳೂರಿಗೆ ಹೋದರೆ, ನೆರಳಿನಲ್ಲಿ ಕುಳಿತಿದ್ದರೂ ಮೈಯೆಲ್ಲ ಬೆವರಿ, ಉಸಿರು ಕಟ್ಟಿದಂತಾಗಿ, ನಮ್ಮ ಊರೇ ವಾಸಿ ಎನ್ನುತ್ತಾರೆ.

ಈ ಭೇದವನ್ನು ನಮ್ಮ ಜನ ಬಹುಕಾಲದಿಂದ ಬಲ್ಲರು. ಬಯಲುಸೀಮೆಯವರ ಬಾಯಲ್ಲಿ ‘ಝಳ’, ‘ಧಗೆ’, ‘ಬೇಗೆ’ ಎಂಬ ಮಾತುಗಳು ಹೆಚ್ಚು. ಕರಾವಳಿಯವರ ಬಾಯಲ್ಲಿ ‘ಸೆಕೆ’ ಎಂಬ ಮಾತು ಹೆಚ್ಚು. ಒಂದು ಒಣಗಿಸುವ ಉಷ್ಣ, ಇನ್ನೊಂದು ಬೇಯಿಸುವ ಉಷ್ಣ. ಶರೀರದ ಮೇಲೆ ಇವೆರಡರ ಪರಿಣಾಮವೂ ಬೇರೆ ಬೇರೆ. ಈ ಭೇದ ಹೇಗೆ ಉಂಟಾಗುತ್ತದೆ, ಅದನ್ನು ತಿಳಿದು ಗ್ರೀಷ್ಮದಲ್ಲಿ ಜೀವವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಾಳಿಯೊಳಗಿನ ನೀರು

ನಾವು ಉಸಿರಾಡುವ ಒಣ ಗಾಳಿಯ ನೂರು ಭಾಗಗಳಲ್ಲಿ ಸುಮಾರು 78 ಭಾಗ ಸಾರಜನಕ, 21 ಭಾಗ ಆಮ್ಲಜನಕ. ಉಳಿದ ಒಂದು ಭಾಗದಲ್ಲಿ ಆರ್ಗಾನ್, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳಿವೆ. ಇವುಗಳ ಪ್ರಮಾಣ ಊರಿನಿಂದ ಊರಿಗೆ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಗಾಳಿಯಲ್ಲಿ ಬೆರೆತಿರುವ ನೀರಾವಿ. ಮರುಭೂಮಿಯ ಗಾಳಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ; ಉಷ್ಣವಲಯದ ಸಮುದ್ರತೀರದಲ್ಲಿ ನೂರಕ್ಕೆ ನಾಲ್ಕು ಭಾಗದವರೆಗೂ ಇರಬಹುದು. ಕಣ್ಣಿಗೆ ಕಾಣದ ಈ ನೀರಾವಿಯೇ ಮೋಡ, ಮಳೆ, ಮಂಜು, ಇಬ್ಬನಿಗಳಿಗೆ ಮೂಲ. ಸೆಕೆಗೆ ಕಾರಣವೂ ಇದೇ.

ಸೂರ್ಯನು ಗಾಳಿಯನ್ನು ನೇರವಾಗಿ ಕಾಯಿಸುವುದು ಅತ್ಯಲ್ಪ. ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ. ಕಾದ ನೆಲವು ತನ್ನನ್ನು ತಾಗಿದ ಗಾಳಿಯನ್ನು ಕಾಯಿಸುತ್ತದೆ. ಆದುದರಿಂದಲೇ ಸೂರ್ಯನು ನೆತ್ತಿಯ ಮೇಲಿರುವ ನಡುಹಗಲಿಗಿಂತ ಮಧ್ಯಾಹ್ನ ಎರಡು, ಮೂರು ಗಂಟೆಯ ಹೊತ್ತಿಗೆ ಗಾಳಿ ಹೆಚ್ಚು ಬಿಸಿಯಾಗಿರುತ್ತದೆ. ಒಳನಾಡಿನ ಒಣ ಕಪ್ಪು ನೆಲ ಬೇಗ ಕಾಯುತ್ತದೆ. ಸಮುದ್ರದ ನೀರು ನಿಧಾನವಾಗಿ ಕಾಯುತ್ತದೆ, ಜೊತೆಗೆ ಹಗಲಿನಲ್ಲಿ ಕಡಲ ಗಾಳಿಯನ್ನು ದಡಕ್ಕೆ ಕಳುಹಿಸುತ್ತದೆ. ಹೀಗಾಗಿ ಕರಾವಳಿಯಲ್ಲಿ ತಾಪಮಾನದ ಅಂಕಿ ಏರುವುದಿಲ್ಲ. ಆದರೆ ಆ ಗಾಳಿ ನೀರಾವಿಯನ್ನು ಹೊತ್ತೇ ಬರುತ್ತದೆ.

ಹವಾಮಾನ ಇಲಾಖೆಯು ಪ್ರಕಟಿಸುವ ತಾಪಮಾನವು ನೆರಳಿನ ತಾಪಮಾನ ಎಂಬುದನ್ನೂ ಇಲ್ಲಿ ನೆನಪಿನಲ್ಲಿಡಬೇಕು. ಬಿಳಿಯ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ತಾಪಮಾಪಕವನ್ನು ಇಟ್ಟು ಅಳೆಯುತ್ತಾರೆ. ಡಾಂಬರು ರಸ್ತೆಯ ಮೇಲೆ ಬಿಸಿಲಿನಲ್ಲಿ ನಡೆಯುವವನ ಶರೀರಕ್ಕೆ ತಗಲುವ ಉಷ್ಣವು ಆ ಅಂಕಿಗಿಂತ ಬಹಳ ಹೆಚ್ಚು.

ಬೆವರಿನ ಕೆಲಸ

ಆರೋಗ್ಯವಂತನ ಶರೀರದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮದ ಉಷ್ಣತೆ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಸುಮ್ಮನೆ ಕುಳಿತಿರುವ ವಯಸ್ಕನ ಶರೀರವೂ ಗಂಟೆಗೆ 70ರಿಂದ 100 ಕಿಲೋಕ್ಯಾಲರಿಯಷ್ಟು ಉಷ್ಣವನ್ನು ಉತ್ಪಾದಿಸುತ್ತಲೇ ಇರುತ್ತದೆ. ಬಿರುಸಾಗಿ ನಡೆಯುವಾಗ ಅದು ಮೂರು ಪಟ್ಟಾಗುತ್ತದೆ. ಈ ಉಷ್ಣವನ್ನು ಹೊರಹಾಕದಿದ್ದರೆ ಬದುಕಿಲ್ಲ. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಉಷ್ಣವು ತಾನಾಗಿಯೇ ಹೊರಹೋಗುತ್ತದೆ. ಗಾಳಿಯೇ 35 ಡಿಗ್ರಿಯನ್ನು ಮೀರಿದಾಗ ಹೊರಗಿನ ಉಷ್ಣವು ಒಳಗೆ ಬರತೊಡಗುತ್ತದೆ. ಆಗ ಶರೀರಕ್ಕೆ ಉಳಿಯುವ ದಾರಿ ಒಂದೇ, ಬೆವರು.

ಬೆವರು ಸುರಿಯುವುದರಿಂದ ಶರೀರ ತಂಪಾಗುವುದಿಲ್ಲ. ಬೆವರು ಆರುವುದರಿಂದ ತಂಪಾಗುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಉಷ್ಣವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಯಾವ ಉಷ್ಣವನ್ನೂ ಒಯ್ಯುವುದಿಲ್ಲ. ನೀರು, ಉಪ್ಪು ಎರಡೂ ವ್ಯರ್ಥವಾಗಿ ಹೋದವು ಅಷ್ಟೆ.

ಮಣ್ಣಿನ ಮಡಕೆಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಹೊರಮೈಯಲ್ಲಿ ಆರುವಾಗ ಒಳಗಿನ ನೀರಿನ ಉಷ್ಣವನ್ನು ಸೆಳೆದುಕೊಳ್ಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅದೇ ಮಡಕೆಯನ್ನು ಕರಾವಳಿಯಲ್ಲಿಟ್ಟರೆ ನೀರು ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿಯ ಗಾಳಿ ಆಗಲೇ ನೀರಾವಿಯಿಂದ ತುಂಬಿರುವುದರಿಂದ ಮತ್ತಷ್ಟನ್ನು ಹೀರಿಕೊಳ್ಳಲಾರದು. ನಮ್ಮ ಶರೀರವೂ ಈ ವಿಷಯದಲ್ಲಿ ಒಂದು ಮಡಕೆಯೇ.

ಒದ್ದೆ ಬಟ್ಟೆಯ ತಾಪಮಾಪಕ

ಹವಾಮಾನ ಶಾಸ್ತ್ರಜ್ಞರು ಈ ಮಡಕೆಯ ತತ್ತ್ವವನ್ನೇ ಅಳತೆಯ ಸಾಧನವನ್ನಾಗಿ ಮಾಡಿಕೊಂಡಿದ್ದಾರೆ. ಎರಡು ತಾಪಮಾಪಕಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರ ಬುರುಡೆಗೆ ಸದಾ ಒದ್ದೆಯಾಗಿರುವ ತೆಳು ಬಟ್ಟೆಯನ್ನು ಸುತ್ತುತ್ತಾರೆ. ಒಣ ಬುರುಡೆ ಗಾಳಿಯ ತಾಪವನ್ನು ತೋರಿಸುತ್ತದೆ. ಒದ್ದೆ ಬುರುಡೆ, ನೀರು ಆರಿದ ಮೇಲೆ ಎಷ್ಟು ತಂಪಾಗಲು ಸಾಧ್ಯವೋ ಅದನ್ನು ತೋರಿಸುತ್ತದೆ. ಈ ಎರಡನೆಯ ಅಂಕಿಯನ್ನು ಆರ್ದ್ರ ತಾಪಮಾನ ಎನ್ನಬಹುದು. ಎರಡರ ನಡುವಿನ ಅಂತರ ಹೆಚ್ಚಿದ್ದರೆ ಗಾಳಿ ಒಣಗಿದೆ ಎಂದರ್ಥ. ಅಂತರ ಕಡಿಮೆಯಿದ್ದರೆ ಗಾಳಿ ತೇವದಿಂದ ತುಂಬಿದೆ ಎಂದರ್ಥ.

ಮೇಲೆ ಹೇಳಿದ ಎರಡು ಊರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗಾಳಿಯ ತಾಪ 42 ಡಿಗ್ರಿ, ಆರ್ದ್ರತೆ ಶೇಕಡ 15 ಇದ್ದರೆ ಒದ್ದೆ ಬುರುಡೆ ಸುಮಾರು 22 ಡಿಗ್ರಿಯನ್ನು ತೋರಿಸುತ್ತದೆ. ಗಾಳಿಯ ತಾಪ 34 ಡಿಗ್ರಿ, ಆರ್ದ್ರತೆ ಶೇಕಡ 70 ಇದ್ದರೆ ಅದು ಸುಮಾರು 29 ಡಿಗ್ರಿಯನ್ನು ತೋರಿಸುತ್ತದೆ. ಎಂದರೆ, ಎಂಟು ಡಿಗ್ರಿ ‘ತಂಪಾದ’ ಊರಿನಲ್ಲಿ ಬೆವರಿನಿಂದ ತಂಪಾಗುವ ಅವಕಾಶವೇ ಕಡಿಮೆ.

ಆರ್ದ್ರ ತಾಪಮಾನವು 35 ಡಿಗ್ರಿಯನ್ನು ಮುಟ್ಟಿದರೆ, ಆರೋಗ್ಯವಂತನು ನೆರಳಿನಲ್ಲಿ, ಫ್ಯಾನಿನ ಕೆಳಗೆ ಕುಳಿತಿದ್ದರೂ ಕೆಲವು ಗಂಟೆಗಳಿಗಿಂತ ಹೆಚ್ಚು ಕಾಲ ಬದುಕಲಾರ ಎಂದು ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ವಿಜ್ಞಾನಿಗಳು 2010ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತರುಣರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೇವಭರಿತ ಗಾಳಿಯಲ್ಲಿ ಸುಮಾರು 31 ಡಿಗ್ರಿಯ ಹೊತ್ತಿಗೇ ಶರೀರವು ತನ್ನ ಉಷ್ಣವನ್ನು ಹತೋಟಿಯಲ್ಲಿಡಲು ಸೋಲುವುದು ಕಂಡುಬಂದಿತು. ವೃದ್ಧರ ಮತ್ತು ರೋಗಿಗಳ ಮಿತಿ ಇದಕ್ಕಿಂತಲೂ ಕಡಿಮೆ ಎಂದೇ ತಿಳಿಯಬೇಕು.

ಹಾಗೆಂದು ಒಣ ಬಿಸಿಲು ನಿರಪಾಯವೆಂದು ಯಾರೂ ಭಾವಿಸಬಾರದು. ಒಣ ಗಾಳಿಯಲ್ಲಿ ಬೆವರು ಹುಟ್ಟಿದೊಡನೆ ಆರಿಹೋಗುವುದರಿಂದ ಬೆವರಿದ್ದೇ ತಿಳಿಯುವುದಿಲ್ಲ. ಅಂಗಿ ಒಣಗಿಯೇ ಇರುತ್ತದೆ. ಒಳಗೆ ಗಂಟೆಗೆ ಒಂದು ಲೀಟರ್ ನೀರು ಖರ್ಚಾಗಿರಬಹುದು. ಸೆಕೆಯ ಅಪಾಯ ಶರೀರ ತಂಪಾಗದಿರುವುದು. ಝಳದ ಅಪಾಯ ಅರಿವಿಲ್ಲದೆ ಶರೀರ ಒಣಗುವುದು. ಎರಡರ ಕೊನೆಯೂ ಒಂದೇ.

ಆಯುರ್ವೇದದ ದೃಷ್ಟಿ

ಆಯುರ್ವೇದವು ರೋಗಿಯನ್ನು ಪರೀಕ್ಷಿಸುವ ಮೊದಲು ಅವನ ದೇಶವನ್ನು ವಿಚಾರಿಸು ಎನ್ನುತ್ತದೆ. ಗಾಳಿ ಒಣಗಿ, ನೀರು ಕಡಿಮೆಯಿರುವ ನೆಲ ಜಾಂಗಲ ದೇಶ. ನೀರೂ ತೇವವೂ ಹೆಚ್ಚಾಗಿರುವ ನೆಲ ಆನೂಪ ದೇಶ. ಎರಡರ ಲಕ್ಷಣವೂ ಸಮನಾಗಿರುವುದು ಸಾಧಾರಣ ದೇಶ. ಕಲಬುರಗಿ, ರಾಯಚೂರುಗಳಲ್ಲಿ ಜಾಂಗಲದ ಲಕ್ಷಣವನ್ನೂ ಕರಾವಳಿಯಲ್ಲಿ ಆನೂಪದ ಲಕ್ಷಣವನ್ನೂ ಕಾಣಬಹುದು.

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಜನಪದೋಧ್ವಂಸ ಕುರಿತದ್ದು. ಬೇಸಿಗೆಯ ಕೊನೆಯ ತಿಂಗಳಲ್ಲಿ ಗಂಗಾತೀರದಲ್ಲಿ ಸಂಚರಿಸುತ್ತ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಇದನ್ನು ಉಪದೇಶಿಸುತ್ತಾನೆ. ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆ ಬೇರೆಯಾಗಿರುವ ಜನರು ಒಂದೇ ಕಾಲಕ್ಕೆ ಒಂದೇ ವ್ಯಾಧಿಗೆ ತುತ್ತಾಗುವುದು ಹೇಗೆ ಎಂಬುದು ಶಿಷ್ಯನ ಸಂದೇಹ. ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದುದರಿಂದ ಇವು ಕೆಟ್ಟಾಗ ಎಲ್ಲರೂ ಕೆಡುತ್ತಾರೆ ಎಂಬುದು ಗುರುವಿನ ಸಮಾಧಾನ. ಕೆಟ್ಟ ವಾಯುವಿನ ಲಕ್ಷಣಗಳನ್ನು ಹೇಳುವಾಗ ಅತಿಯಾದ ಉಷ್ಣ, ಅತಿಯಾದ ಒಣತನ, ಅತಿಯಾದ ತೇವ, ಚಲನೆಯೇ ಇಲ್ಲದ ಸ್ತಬ್ಧತೆ ಇವುಗಳನ್ನು ಬೇರೆ ಬೇರೆಯಾಗಿಯೇ ಎಣಿಸಲಾಗಿದೆ. ಉಷ್ಣ ಒಂದನ್ನೇ ನೋಡಿದರೆ ಸಾಲದು ಎಂಬ ತಿಳಿವಳಿಕೆ ಅಲ್ಲಿದೆ. ಅಂದಿಗೆ ಇಲ್ಲದಿದ್ದುದು ಅಳತೆ. ಅದನ್ನು ಇಂದು ಹವಾಮಾನ ಶಾಸ್ತ್ರ ಒದಗಿಸಿದೆ. ಎರಡನ್ನೂ ಸೇರಿಸಿ ಓದಿಕೊಳ್ಳುವುದು ಜಾಣತನ.

ಗ್ರೀಷ್ಮ ಋತುಚರ್ಯೆಯಲ್ಲಿ ಮಧುರ, ಶೀತ, ದ್ರವ, ಸ್ನಿಗ್ಧ ಆಹಾರಗಳನ್ನು ಸೇವಿಸಬೇಕು. ಉಪ್ಪು, ಹುಳಿ, ಖಾರ ಮತ್ತು ವ್ಯಾಯಾಮಗಳನ್ನು ಬಿಡಬೇಕು ಎಂದು ವಿಧಿಯಿದೆ. ಇದನ್ನು ಓದಿಕೊಂಡ ಕೆಲವರು ಬೇಸಿಗೆಯಲ್ಲಿ ಉಪ್ಪನ್ನು ಪೂರ್ತಿ ತ್ಯಜಿಸಿ, ಆದರೆ ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯಲು ಹೊರಡುತ್ತಾರೆ. ಉಪ್ಪನ್ನು ಬಿಡು ಎಂದ ಶಾಸ್ತ್ರವು ಅದರೊಡನೆಯೇ ಶ್ರಮವನ್ನೂ ಬಿಡು ಎಂದಿದೆ. ವಿಧಿಯ ಅರ್ಧವನ್ನು ಮಾತ್ರ ಪಾಲಿಸುವುದು ಅಪಾಯಕರ. ಬೆವರಿನೊಡನೆ ಉಪ್ಪೂ ಹೋಗುವುದರಿಂದ, ನಡೆಯುವವರು ಮತ್ತು ಹೊಲದಲ್ಲಿ ದುಡಿಯುವವರು ನೀರನ್ನು ಮಾತ್ರ ಕುಡಿದರೆ ಸಾಲದು. ಉಪ್ಪು ಬೆರೆಸಿದ ನೀರುಮಜ್ಜಿಗೆ, ಗಂಜಿ, ಚಿಟಿಕೆ ಉಪ್ಪು ಹಾಕಿದ ಬೆಲ್ಲದ ಪಾನಕ ಇವು ಯೋಗ್ಯ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿದರೆ ಮನೆಯಲ್ಲೇ ಜೀವಜಲ ಸಿದ್ಧವಾಗುತ್ತದೆ. ಹೃದಯ, ಮೂತ್ರಪಿಂಡ ಅಥವಾ ರಕ್ತದೊತ್ತಡದ ಕಾರಣ ಉಪ್ಪು, ನೀರುಗಳಿಗೆ ಮಿತಿ ಹೇಳಿಸಿಕೊಂಡವರು ಮತ್ತು ಮಧುಮೇಹಿಗಳು ತಮ್ಮ ವೈದ್ಯರನ್ನು ಕೇಳಿಯೇ ಇದನ್ನು ನಿರ್ಧರಿಸಬೇಕು.

ರಾತ್ರಿಯ ಉಷ್ಣ

ಹಗಲಿನ ಉಷ್ಣದಿಂದ ಬಳಲಿದ ಶರೀರ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ನೆಲವು ರಾತ್ರಿ ತನ್ನ ಉಷ್ಣವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಒಣಗಿದ್ದು ಆಕಾಶ ತಿಳಿಯಾಗಿದ್ದರೆ ಉಷ್ಣ ಸರಾಗವಾಗಿ ಹೋಗುತ್ತದೆ. ನೀರಾವಿಯೂ ಮೋಡವೂ ಇದ್ದರೆ ಅವು ಕಂಬಳಿಯಂತೆ ತಡೆಯುತ್ತವೆ. ಮಳೆ ಬರುವಂತಾಗಿ ಬಾರದೆ ಹೋದ ರಾತ್ರಿಗಳಲ್ಲಿ ನಿದ್ರೆ ಹತ್ತದಿರುವುದು ಇದೇ ಕಾರಣಕ್ಕೆ. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿಯೂ ರಾತ್ರಿ ಬಹಳ ಹೊತ್ತಿನವರೆಗೆ ಕೋಣೆಯೊಳಗೆ ಉಷ್ಣವನ್ನು ಬಿಡುತ್ತಿರುತ್ತದೆ. ಆದುದರಿಂದ ಪತ್ರಿಕೆಯಲ್ಲಿ ಗರಿಷ್ಠ ತಾಪಮಾನದೊಡನೆ ಕನಿಷ್ಠ ತಾಪಮಾನವನ್ನೂ ನೋಡಬೇಕು. ಸತತವಾಗಿ ಎರಡು ಮೂರು ರಾತ್ರಿ ತಂಪಾಗದಿದ್ದರೆ ಮನೆಯಲ್ಲಿರುವ ವೃದ್ಧರ ಮೇಲೆ ವಿಶೇಷ ನಿಗಾ ಇಡಬೇಕು.

ಉಷ್ಣಾಘಾತ: ಕಷಾಯಕ್ಕೆ ಕಾಯುವ ಹೊತ್ತಲ್ಲ

ಕೆಲವು ವರ್ಷಗಳ ಹಿಂದೆ, ಒಂದು ಜಾತ್ರೆಯ ಮಧ್ಯಾಹ್ನ, ಅರುವತ್ತೆಂಟು ವಯಸ್ಸಿನ ರೈತರೊಬ್ಬರನ್ನು ನನ್ನ ಬಳಿಗೆ ಕರೆತಂದರು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುತ್ತಿದ್ದವರು. ಬೆಳಗಿನಿಂದ ಉಪವಾಸವಿದ್ದು ಬಿಸಿಲಿನಲ್ಲಿ ನಡೆದು ಬಂದಿದ್ದರು. ಮೊದಲು ಅಸಂಬದ್ಧವಾಗಿ ಮಾತನಾಡಿದರಂತೆ. ದಣಿವೆಂದು ಜನ ಸುಮ್ಮನಾದರಂತೆ. ಕುಸಿದು ಬಿದ್ದ ಮೇಲೆ ಸುತ್ತಲೂ ಗುಂಪುಗೂಡಿ, ಹಣೆಗೆ ನೀರು ಚಿಮುಕಿಸಿ, ಎಚ್ಚರವಿಲ್ಲದವರ ಬಾಯಿಗೆ ಮಜ್ಜಿಗೆ ಹಾಕಲು ಯತ್ನಿಸಿದ್ದರು. ಮೈ ಕಾದ ಹಂಚಿನಂತಿತ್ತು. ಅಂಗಿಯನ್ನು ತೆಗೆಸಿ, ಬಾವಿಯ ನೀರನ್ನು ಕೊಡಕೊಡವಾಗಿ ಮೈಮೇಲೆ ಸುರಿಸಿ, ನಾಲ್ವರಿಂದ ಗಾಳಿ ಹಾಕಿಸುತ್ತಲೇ ಆಂಬುಲೆನ್ಸ್ ತರಿಸಿದೆವು. ಒಂಬತ್ತು ದಿನಗಳ ಅನಂತರ ಅವರು ಮನೆಗೆ ಮರಳಿದರು; ಅವರ ನಡಿಗೆ ಮಾತ್ರ ಮೊದಲಿನಂತಾಗಲಿಲ್ಲ. ದಾರಿಯಲ್ಲಿ ಅಸಂಬದ್ಧ ಮಾತು ಕೇಳಿಬಂದ ಆ ಕ್ಷಣವೇ ತಂಪು ಮಾಡಿದ್ದರೆ ಅಷ್ಟರಮಟ್ಟಿಗೆ ಹೋಗುತ್ತಿರಲಿಲ್ಲ.

ಬಿಸಿಲಿನ ಬಳಲಿಕೆಗೂ ಉಷ್ಣಾಘಾತಕ್ಕೂ ಇರುವ ಭೇದವನ್ನು ಪ್ರತಿಯೊಬ್ಬರೂ ಅರಿತಿರಬೇಕು. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ಅತಿಯಾದ ಬೆವರು ಇದ್ದು ಪ್ರಜ್ಞೆ ಸರಿಯಾಗಿದ್ದರೆ ಅದು ಬಳಲಿಕೆ. ನೆರಳು, ವಿಶ್ರಾಂತಿ, ಉಪ್ಪು ಬೆರೆಸಿದ ದ್ರವಗಳಿಂದ ಅದು ಶಮನವಾಗುತ್ತದೆ. ಒಳಗಿನ ಉಷ್ಣತೆ 40 ಡಿಗ್ರಿಯನ್ನು ದಾಟಿ, ಮಾತು ತೊದಲುವುದು, ಗೊಂದಲ, ಸೆಳವು, ಪ್ರಜ್ಞೆ ತಪ್ಪುವುದು ಕಂಡರೆ ಅದು ಉಷ್ಣಾಘಾತ. ಮೈ ಒಣಗಿರಲೇಬೇಕೆಂದಿಲ್ಲ, ಶ್ರಮದಿಂದ ಉಷ್ಣಾಘಾತವಾದವರು ಬೆವರುತ್ತಲೂ ಇರಬಹುದು. ಇಲ್ಲಿ ಕಷಾಯ, ಲೇಪ, ಗುಳಿಗೆಗಳಿಗೆ ಸ್ಥಾನವಿಲ್ಲ ಎಂಬುದನ್ನು ಆಯುರ್ವೇದ ವೈದ್ಯನಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಕೂಡ ಇದಕ್ಕೆ ಕೆಲಸ ಮಾಡುವುದಿಲ್ಲ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡವರಿಗೆ ಬಿಸಿಲು ಬಡಿಯದೆಂಬ ನಂಬಿಕೆಗೂ ಆಧಾರವಿಲ್ಲ. ನೆರಳಿಗೆ ಒಯ್ಯಿರಿ, ಬಟ್ಟೆ ಸಡಿಲಿಸಿರಿ, ಇಡೀ ಮೈಗೆ ನೀರು ಸುರಿಯಿರಿ, ಜೋರಾಗಿ ಗಾಳಿ ಹಾಕಿರಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ತಣ್ಣನೆಯ ಒದ್ದೆ ಬಟ್ಟೆ ಇಡಿರಿ. ಜೊತೆಜೊತೆಗೇ 108ಕ್ಕೆ ಕರೆ ಮಾಡಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿರಿ.

ವೃದ್ಧರಿಗೆ ಬಾಯಾರಿಕೆಯ ಅರಿವೇ ಕಡಿಮೆಯಾಗಿರುತ್ತದೆ. ಅವರು ಕೇಳುವವರೆಗೆ ಕಾಯದೆ ಗಂಟೆಗೊಮ್ಮೆ ನೀರು ಕೊಡಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳು ದ್ರವವನ್ನು ಕಡಿಮೆ ಮಾಡುತ್ತವೆ. ಮಾನಸಿಕ ರೋಗಗಳಿಗೆ ಕೊಡುವ ಕೆಲವು ಔಷಧಗಳು ಬೆವರನ್ನೇ ತಗ್ಗಿಸುತ್ತವೆ. ಇವನ್ನು ತಾವಾಗಿ ನಿಲ್ಲಿಸಬಾರದು. ಬೇಸಿಗೆಗೆ ಮೊದಲೇ ವೈದ್ಯರೊಡನೆ ಮಾತನಾಡಬೇಕು. ಶರೀರವು ಉಷ್ಣಕ್ಕೆ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ, ಬೇಸಿಗೆಯ ಮೊದಲ ಬಿಸಿ ಅಲೆ ನಡುಬೇಸಿಗೆಯದಕ್ಕಿಂತ ಹೆಚ್ಚು ಕಾಡುವುದುಂಟು. ಋತುಸಂಧಿಯ ಹದಿನಾಲ್ಕು ದಿನಗಳಲ್ಲಿ ಚರ್ಯೆಯನ್ನು ಕ್ರಮಕ್ರಮವಾಗಿ ಬದಲಿಸಬೇಕೆಂದು ವಾಗ್ಭಟನು ಹೇಳಿರುವುದು ಇಲ್ಲಿ ನೆನಪಾಗುತ್ತದೆ.

ಮುನ್ಸೂಚನೆಯನ್ನು ಓದುವ ಬಗೆ

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯು ಇಂದು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಬಿಸಿ ಅಲೆಯನ್ನು ಪರಿಗಣಿಸಲು ಗರಿಷ್ಠ ತಾಪಮಾನವು ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿಯನ್ನು ಮುಟ್ಟಿರಬೇಕೆಂದು ಇಲಾಖೆ ನಿಗದಿಪಡಿಸಿದೆ. ದೇಶಭೇದವನ್ನು ಇಲಾಖೆಯೂ ಒಪ್ಪಿದೆ ಎಂದಾಯಿತು. ಆರ್ದ್ರತೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ 8.30 ಮತ್ತು ಸಂಜೆ 5.30ರ ಅಂಕಿಗಳಾಗಿ ಕೊಡುತ್ತಾರೆ. ಬೆಳಗಿನ ಅಂಕಿ ಎಲ್ಲೆಡೆಯೂ ಹೆಚ್ಚಾಗಿಯೇ ಇರುತ್ತದೆ. ಸಂಜೆಯ ಅಂಕಿಯೂ ಹೆಚ್ಚಿದ್ದರೆ ಅಂದು ಸೆಕೆಯ ದಿನವೆಂದು ತಿಳಿಯಬೇಕು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿಯೂ ಹವಾಮಾನ ಮಾಪನ ಕೇಂದ್ರಗಳನ್ನು ಹೊಂದಿದೆ.

ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಂಡರೆ ಜೀವಗಳು ಉಳಿಯುತ್ತವೆ. 2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ತಾಪಮಾನ 46.8 ಡಿಗ್ರಿಗೆ ಏರಿದಾಗ, ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚಾಗಿ ಮರಣ ಹೊಂದಿದರೆಂದು ಅನಂತರದ ಅಧ್ಯಯನ ತಿಳಿಸಿತು. 2013ರಲ್ಲಿ ಆ ನಗರ ಉಷ್ಣ ನಿರ್ವಹಣಾ ಯೋಜನೆಯನ್ನು ರೂಪಿಸಿತು: ಮುನ್ಸೂಚನೆ ಬಂದೊಡನೆ ಜನರಿಗೆ ತಿಳಿಸುವುದು, ಆಸ್ಪತ್ರೆಗಳನ್ನು ಸಜ್ಜುಗೊಳಿಸುವುದು, ನೀರು ಮತ್ತು ನೆರಳಿನ ವ್ಯವಸ್ಥೆ ಮಾಡುವುದು. ಇದರಲ್ಲಿ ನಮ್ಮ ಊರುಗಳಿಗೆ ಎಟುಕದ್ದು ಯಾವುದೂ ಇಲ್ಲ.

ಜಾತ್ರೆ, ಪಾದಯಾತ್ರೆ, ವಿವಾಹಗಳನ್ನು ನಡೆಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ಮೆರವಣಿಗೆಯನ್ನು ಬೆಳಗಿನ ಹತ್ತು ಗಂಟೆಯೊಳಗೆ ಮುಗಿಸಿರಿ ಅಥವಾ ಸಂಜೆಗೆ ಮುಂದೂಡಿರಿ. ಪಾದಯಾತ್ರಿಗಳು ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ತಂಗಲಿ. ಅರವಟ್ಟಿಗೆಯಲ್ಲಿ ನೀರಿನೊಡನೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ತಗಡಿನ ಚಪ್ಪರದ ಕೆಳಗೆ ನೂರಾರು ಜನರನ್ನು ಗಾಳಿಯಿಲ್ಲದೆ ಕೂಡಿಸಬೇಡಿರಿ. ಗಾಳಿಯೇ 40 ಡಿಗ್ರಿ ಮೀರಿದಾಗ ಬರಿಯ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಮೈಯನ್ನು ಒದ್ದೆ ಮಾಡಿಕೊಂಡರೆ ಮಾತ್ರ ಅದರಿಂದ ಉಪಯೋಗ. ವೃದ್ಧರು ಮಾತು ತಪ್ಪಿದರೆ, ಹೆಜ್ಜೆ ತಪ್ಪಿದರೆ, ಅದನ್ನು ದಣಿವೆಂದು ಬಿಡದೆ ಒಡನೆಯೇ ತಂಪು ಮಾಡಿರಿ.

ನಾಳೆ ಬೆಳಿಗ್ಗೆ ಪತ್ರಿಕೆ ತೆರೆದಾಗ ಗರಿಷ್ಠ ತಾಪಮಾನ, ಕನಿಷ್ಠ ತಾಪಮಾನ, ಸಂಜೆಯ ಆರ್ದ್ರತೆ ಈ ಮೂರನ್ನೂ ನೋಡಿರಿ. ಮನೆಯ ಹಿರಿಯರಿಗೂ ಓದಿ ಹೇಳಿರಿ. ಅಂದಿನ ಕೆಲಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡರೆ ಅದೇ ಇಂದಿನ ಋತುಚರ್ಯೆ.